ಕಡ ಕೊಟ್ಟ ಬಿಸಿಲು

ಮಗ್ಗಲ ಮನೆಯ ದೊಡ್ಡವ್ವ ನಸುಕಿನಲ್ಲೆದ್ದು ರೊಟ್ಟಿ ಬಡಿಯುತ್ತಾಳೆ. ಬಡಿದ ರೊಟ್ಟಿಯನ್ನು ಬಿಳಿ ಅರಿವೆಯಲ್ಲಿ ಸುತ್ತಿ, ಕಾಳುಪಲ್ಲೆ, ಕೆಂಪು ಖಾರದ ಚಟ್ನಿ, ಮೊಸರಿನ ಗಡಿಗೆ ಜೊತೆಗಿಟ್ಟು, ಬುಟ್ಟಿ ತಲೆಯ ಮೇಲೆ ಹೊತ್ತು ಬಾದಾಮಿ ಹತ್ತಿರದ ಬನಶಂಕರಿ ಗುಡಿಯ ಹೊಂಡದ ಕಡೆ ನಡೆಯುತ್ತಾಳೆ. ಅಲ್ಲಿ ಊಟ ಮಾರಿ, ಬುಟ್ಟಿ ಬಹುತೇಕ ಖಾಲಿಯಾದ ಮೇಲೇ ನಮ್ಮೂರು ಚೊಳಚಗುಡ್ಡಕ್ಕೆ ವಾಪಸು. 2024ರ ಬೇಸಿಗೆಯ ಒಂದು ಮಧ್ಯಾಹ್ನ ಆಕೆ ಹೀಗೆ ಮರಳುವ ಹೊತ್ತಿಗೆ ನಮ್ಮ ಆರ್‌ಸಿಸಿ ಚಾವಣಿಯ ಮೇಲೆ ಹುಡುಗರು ಸೋಲಾರ್ ಪ್ಯಾನೆಲ್ ಏರಿಸುತ್ತಿದ್ದರು.

"ತಮ್ಮಾ, ನಿನ್ನ ಮನ್ಯಾಗ ಕರೆಂಟ್ ಐತಲ್ಲ, ಮತ್ತ್ಯಾಕ ಇದು?"

"ಹಗಲು ಇದು ಕರೆಂಟ್ ಮಾಡ್ತೈತಿ ದೊಡ್ಡವ್ವ. ನಮಗ ಸಾಕಾಗಿ ಉಳದದ್ದು ಕಂಬದ ತಂತಿಗೆ ಹೋಗ್ತೈತಿ. ರಾತ್ರಿ ಬೇಕಾದಾಗ ಅದೇ ತಂತಿಯಿಂದ ಇಸ್ಕೋತೀವಿ. ತಿಂಗಳ ಕಡೀಗೆ ಕೊಟ್ಟದ್ದು ಕಳದು ಲೆಕ್ಕ."

ಆಕೆ ಬುಟ್ಟಿ ಕಟ್ಟೆಯ ಮೇಲಿಳಿಸಿ, ಸೆರಗಿನಿಂದ ಬೆವರೊರೆಸಿಕೊಂಡು ಹೇಳಿದಳು: "ಅಂದ್ರ ಕಡದ ಜ್ವಾಳ ಅನ್ನು."

ನಾನು 38 ವರ್ಷ ಕಂಬ ಹತ್ತಿದವನು. 1983ರಲ್ಲಿ ವಿದ್ಯುತ್ ಮಂಡಳಿ ಕೆಇಬಿಗೆ ಸೇರಿದೆ. 1999ರಲ್ಲಿ ಅದು ಕೆಪಿಟಿಸಿಎಲ್ ಆಯಿತು, 2002ರಲ್ಲಿ ನಮ್ಮ ಭಾಗಕ್ಕೆ ವಿತರಣಾ ಕಂಪನಿ ಹೆಸ್ಕಾಂ ಬಂತು. ಕಚೇರಿಯ ಬೋರ್ಡು ಎರಡು ಸಲ ಬದಲಾದರೂ ನಾನು ಹತ್ತುತ್ತಿದ್ದ ಕಂಬಗಳು ಅವೇ. ನಿವೃತ್ತನಾಗುವವರೆಗೂ ಕರೆಂಟಿನ ಜೊತೆಯೇ ಬದುಕಿದೆ. ಆದರೂ ನೆಟ್ ಮೀಟರಿಂಗ್ ಎಂಬುದನ್ನು ಆಕೆಯಷ್ಟು ಚಿಕ್ಕ ಮಾತಿನಲ್ಲಿ ಹೇಳಲು ನನಗೆ ಬಂದಿರಲಿಲ್ಲ.

ನಮ್ಮ ಸೀಮೆಯಲ್ಲಿ ಮನೆಗೆ ಬೀಗರು ಬಂದು ಹಿಟ್ಟು ಸಾಲದಾದರೆ ನೆರೆಮನೆಯಿಂದ ಒಂದು ಸೇರು ಜೋಳ ಕಡ ತರುತ್ತಿದ್ದರು. ತಿರುಗಿ ಕೊಡುವಾಗ ಅದೇ ಸೇರಿನಲ್ಲಿ ಅಷ್ಟೇ ಜೋಳ. ಆ ದಿನ ಪೇಟೆಯಲ್ಲಿ ಜೋಳದ ಧಾರಣೆ ಎಷ್ಟಿತ್ತು, ಇವತ್ತೆಷ್ಟಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ನೆಟ್ ಮೀಟರಿಂಗ್ ಎಂದರೆ ಇಷ್ಟೇ. ಹಗಲು ಒಂದು ಯೂನಿಟ್ ಕೊಟ್ಟೆ, ರಾತ್ರಿ ಒಂದು ಯೂನಿಟ್ ಇಸಿದುಕೊಂಡೆ, ಲೆಕ್ಕ ಚುಕ್ತಾ. ದೇಶದ ಚಾವಣಿಗಳ ಮೇಲೆ ಪ್ಯಾನೆಲ್ ಏರುವುದೂ ಏರದಿರುವುದೂ, ವಿದ್ಯುತ್ ಕಂಪನಿಗಳು ಅದನ್ನು ಕಂಡು ಹಿಗ್ಗುವುದೂ ಹೆದರುವುದೂ ಈ ಕಡದ ನಿಯಮವನ್ನು ಹೇಗೆ ಬರೆಯುತ್ತೇವೆ ಎಂಬುದರ ಮೇಲೆ ನಿಂತಿದೆ.

ಎರಡೂ ಕಡೆ ಎಣಿಸುವ ಮೀಟರು

ನಮ್ಮ ಮನೆಯ ಮೇಲಿರುವುದು 3 ಕಿಲೋವ್ಯಾಟಿನ ವ್ಯವಸ್ಥೆ. ನಮ್ಮ ಕಡೆಯ ಬಿಸಿಲಿಗೆ ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಹಾಗಾಗಿ ದಿನಕ್ಕೆ 12, ತಿಂಗಳಿಗೆ 350ರ ಆಸುಪಾಸು. ಮಳೆಗಾಲದ ಮೋಡದಲ್ಲಿ ಇಳಿಯುತ್ತದೆ. ಕಡುಬೇಸಿಗೆಯಲ್ಲಿ ಹೆಚ್ಚುತ್ತದೆ ಎಂದು ಎಲ್ಲರೂ ಎಣಿಸುತ್ತಾರೆ, ಆದರೆ ಪ್ಯಾನೆಲ್ಲಿಗೆ ಬೇಕಾದದ್ದು ಬೆಳಕು, ಕಾವು ಅಲ್ಲ. ಮೈ ಕಾದಷ್ಟೂ ಅದರ ಕಸುವು ಕುಗ್ಗುತ್ತದೆ. ಕೆಂಪು ಧೂಳು ಕೂತರೆ ಇನ್ನಷ್ಟು. ಹದಿನೈದು ದಿನಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ನಾನೇ ಒಂದು ಕೊಡ ನೀರು, ಹಳೆ ಧೋತರದ ತುಂಡು ಹಿಡಿದು ಒರೆಸುತ್ತೇನೆ. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬಾರದು.

ಪ್ಯಾನೆಲ್ಲಿನಿಂದ ಬರುವುದು ಬ್ಯಾಟರಿಯಲ್ಲಿರುವಂಥ ಡಿ.ಸಿ. ಕರೆಂಟು. ಇನ್ವರ್ಟರ್ ಅದನ್ನು ಮನೆಗೆ ಬೇಕಾದ ಎ.ಸಿ. ಮಾಡುತ್ತದೆ. ಮೊದಲು ಅದು ಮನೆಯ ಫ್ಯಾನು, ಫ್ರಿಜ್ಜು, ಬೋರಿನ ಮೋಟರಿಗೆ ಹೋಗುತ್ತದೆ. ಮಿಕ್ಕದ್ದು ಮೀಟರು ದಾಟಿ ಕಂಬಕ್ಕೆ. ಹಳೆಯ ಮೀಟರು ಒಳಗೆ ಬಂದದ್ದನ್ನು ಮಾತ್ರ ಎಣಿಸುತ್ತಿತ್ತು. ಈಗ ಹಾಕುವ ಮೀಟರು ಬಂದದ್ದು ಎಷ್ಟು, ಹೋದದ್ದು ಎಷ್ಟು ಎಂದು ಎರಡನ್ನೂ ಬೇರೆ ಬೇರೆ ಬರೆದಿಡುತ್ತದೆ. ತಿಂಗಳ ಕೊನೆಗೆ ಬಂದದ್ದು ಹೆಚ್ಚಿದ್ದರೆ ಆ ಹೆಚ್ಚಿನದಕ್ಕಷ್ಟೇ ಬಿಲ್ಲು. ಹೋದದ್ದು ಹೆಚ್ಚಿದ್ದರೆ ಆ ಹೆಚ್ಚಿಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, ಗೊತ್ತುಮಾಡಿದ ದರದಲ್ಲಿ ನಮಗೆ ಹಣ.

ಇನ್ನೂ ಎರಡು ಬಗೆಯ ಲೆಕ್ಕಗಳಿವೆ. ಚಾವಣಿಯಲ್ಲಿ ಆದದ್ದನ್ನೆಲ್ಲ ಒಂದು ದರಕ್ಕೆ ಕಂಪನಿಗೆ ಮಾರಿ, ಮನೆಗೆ ಬೇಕಾದದ್ದನ್ನೆಲ್ಲ ಇನ್ನೊಂದು ದರಕ್ಕೆ ಕೊಳ್ಳುವುದು ಗ್ರಾಸ್ ಮೀಟರಿಂಗ್. ಮನೆಯಲ್ಲಿ ಬಳಸಿದ್ದು ಬಿಟ್ಟು, ಹೊರಹೋದ ಯೂನಿಟ್ಟಿಗೆ ಕಡಿಮೆ ದರ ಕಟ್ಟಿ ಬಿಲ್ಲಿನಲ್ಲಿ ಕಳೆಯುವುದು ನೆಟ್ ಬಿಲ್ಲಿಂಗ್. ಕಡದ ಜೋಳದಲ್ಲಿ ಜೋಳಕ್ಕೆ ಜೋಳ. ಈ ಎರಡರಲ್ಲಿ ಜೋಳಕ್ಕೆ ದುಡ್ಡು, ದುಡ್ಡಿಗೆ ಜೋಳ.

ಕರೆಂಟ್ ಹೋದರೆ ಸೋಲಾರೂ ನಿಲ್ಲುತ್ತದೆ

ನಮ್ಮೂರಿನ ಒಬ್ಬರಿಗೆ ಪ್ಯಾನೆಲ್ ಮಾರಲು ಬಂದವನು "ಇನ್ನ ನಿಮ್ಮ ಮನ್ಯಾಗ ಕರೆಂಟ್ ಹೋಗೂದ ಇಲ್ರಿ" ಎಂದು ಹೇಳಿ ಹೋಗಿದ್ದ. ಮೊದಲ ಸಲ ಲೈನ್ ಹೋದಾಗ, ನೆತ್ತಿಯ ಮೇಲೆ ಸೂರ್ಯ ಉರಿಯುತ್ತಿದ್ದರೂ ಅವರ ಮನೆಯ ಫ್ಯಾನ್ ನಿಂತಿತು. ಸಿಟ್ಟಾಗಿ ನನ್ನ ಬಳಿ ಬಂದರು. ಅವರನ್ನು ಕೂರಿಸಿ ಹಳೆಯ ಕಥೆಯೊಂದನ್ನು ಹೇಳಿದೆ. ನನ್ನ ಮಟ್ಟಿಗೆ ಸೋಲಾರಿನ ಮಾತು ಶುರುವಾಗುವುದೇ ಆ ಕಥೆಯಿಂದ.

ಬನದ ಹುಣ್ಣಿಮೆಗೆ ಬನಶಂಕರಿಯ ಜಾತ್ರೆ. ತೇರು ಒಂದು ದಿನದ್ದಾದರೂ ಜಾತ್ರೆ ವಾರಗಟ್ಟಲೆ. ನಾಟಕ ಕಂಪನಿಗಳ ತಗಡಿನ ಥಿಯೇಟರು, ತಿರುಗುವ ತೊಟ್ಟಿಲು, ಬಾಗಿಲು ಚೌಕಟ್ಟು ಮಾರುವ ಬಡಗಿಗಳ ಸಾಲು, ಮಿಠಾಯಿ ಅಂಗಡಿ. ಎಲ್ಲರಿಗೂ ದೀಪ ಬೇಕು. ನಮಗೆ ಆ ದಿನಗಳಲ್ಲಿ ನಿದ್ದೆ ಇರುತ್ತಿರಲಿಲ್ಲ. ತೊಂಬತ್ತರ ದಶಕದ ಒಂದು ಜಾತ್ರೆಯಲ್ಲಿ ಲೈನ್ ಕೆಟ್ಟಿತು. ಲೈನ್ ಬಂದ್ ಮಾಡುವ ಅನುಮತಿ, ಅಂದರೆ ಎಲ್‌ಸಿ ತೆಗೆದುಕೊಂಡು, ಲೈನ್ ಬೇರ್ಪಡಿಸುವ ಜಿಒಎಸ್ ಸ್ವಿಚ್ ತೆರೆದು, ನನ್ನ ಜೊತೆಗಾರ ಕಂಬ ಹತ್ತಿದ. ಸತ್ತ ಲೈನು. ಹೆದರಿಕೆಯ ಮಾತೇ ಇಲ್ಲ. ಆದರೆ ಕೆಳಗೆ ಯಾವುದೋ ಒಂದು ಡೇರೆಯಲ್ಲಿ ಚೇಂಜೋವರ್ ಸ್ವಿಚ್ ಇಲ್ಲದೆ ಜನರೇಟರನ್ನು ನೇರ ವೈರಿಂಗಿಗೆ ಸೇರಿಸಿ ಶುರು ಮಾಡಿದರು. ಅದರ ಕರೆಂಟು ಸರ್ವಿಸ್ ವೈರಿನಲ್ಲಿ ಹಿಂದಕ್ಕೆ ಹರಿದು ಟಿ.ಸಿ. ತಲುಪಿತು. ಟಿ.ಸಿ. 11 ಸಾವಿರ ವೋಲ್ಟನ್ನು ಮನೆಯ ಮಟ್ಟಕ್ಕೆ ಇಳಿಸುವ ಯಂತ್ರ. ಹಿಂದಿನಿಂದ ಕೊಟ್ಟರೆ ಅದು ಏರಿಸುತ್ತದೆ. ಸತ್ತ ಲೈನಿಗೆ ಜೀವ ಬಂತು. ಜೊತೆಗಾರ ಉಳಿದ, ಆದರೆ ಎಡಗೈಯ ಎರಡು ಬೆರಳು ಹೋದವು. ಅರ್ತ್ ರಾಡ್ ಕಟ್ಟದೆ ತಂತಿ ಮುಟ್ಟಬಾರದು ಎಂಬುದನ್ನು ಅಂದಿನಿಂದ ನಾನು ದೇವರ ಆಣೆಯಂತೆ ಪಾಲಿಸಿದೆ.

ಚಾವಣಿಯ ಸೋಲಾರ್ ಎಂದರೆ ಮನೆಗೊಂದು ಸಣ್ಣ ಜನರೇಟರ್. ಊರಲ್ಲಿ ನೂರು ಚಾವಣಿ ಇದ್ದರೆ ಹಿಂದಕ್ಕೆ ಕರೆಂಟು ದೂಡುವ ನೂರು ಜಾಗ. ಅದಕ್ಕೇ ಗ್ರಿಡ್ಡಿಗೆ ಸೇರಿಸುವ ಇನ್ವರ್ಟರಿಗೆ ಒಂದು ಕಡ್ಡಾಯ ಗುಣವಿದೆ. ಕಂಬದ ತಂತಿಯಲ್ಲಿ ಕರೆಂಟ್ ಇಲ್ಲ ಎಂದು ಗೊತ್ತಾದ ಎರಡು ಸೆಕೆಂಡಿನೊಳಗೆ ಅದು ತಾನೇ ಬಾಯಿ ಮುಚ್ಚಬೇಕು. ಲೈನಿಗೆ ಕರೆಂಟ್ ಮರಳಿ, ಸ್ಥಿರವಾದ ಮೇಲೇ ಮತ್ತೆ ಕೊಡಬೇಕು. ಕತ್ತಲೆಯಲ್ಲೂ ಬೆಳಕು ಬೇಕೆಂದರೆ ಬ್ಯಾಟರಿ ಇರುವ, ಮನೆಯನ್ನು ಲೈನಿನಿಂದ ಬೇರ್ಪಡಿಸಬಲ್ಲ ಬೇರೆ ಜಾತಿಯ ಇನ್ವರ್ಟರ್ ಬೇಕು, ಅದಕ್ಕೆ ಬೆಲೆಯೂ ಹೆಚ್ಚು. ಸಿಟ್ಟಾಗಿ ಬಂದವರು ಎಲ್ಲ ಕೇಳಿಸಿಕೊಂಡು "ಹಂಗಾರ ನಿಲ್ಲೂದ ಚಲೋ ಬಿಡ್ರಿ" ಎಂದರು. ನಿಮ್ಮ ಫ್ಯಾನ್ ನಿಂತ ಆ ಅರ್ಧ ಗಂಟೆ ಯಾರೋ ಒಬ್ಬ ಮಗ ಕಂಬದ ಮೇಲಿದ್ದಾನೆ ಎಂದು ನೆನೆಯಿರಿ.

9 ರೂಪಾಯಿ 56 ಪೈಸೆಯ ಪಾಠ

ಕರ್ನಾಟಕದಲ್ಲಿ ನೆಟ್ ಮೀಟರಿಂಗಿಗೆ ಕಾವು ಬಂದದ್ದು 2013ರ ಅಕ್ಟೋಬರಿನಲ್ಲಿ. ಚಾವಣಿಯಿಂದ ಗ್ರಿಡ್ಡಿಗೆ ಬರುವ ಹೆಚ್ಚುವರಿ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ, ಸಬ್ಸಿಡಿ ಪಡೆದಿದ್ದರೆ 7 ರೂಪಾಯಿ 20 ಪೈಸೆ ಎಂದು ಕೆಇಆರ್‌ಸಿ ಆದೇಶ ಮಾಡಿತು. ಆಗ ಪ್ಯಾನೆಲ್ ತುಟ್ಟಿ. ಹಾಕಿದವನ ಬಂಡವಾಳ ತಿರುಗಿ ಬರಬೇಕಾದರೆ ಅಷ್ಟು ದರ ಬೇಕಿತ್ತು. ಮರುವರ್ಷ ರಾಜ್ಯ ತನ್ನ ಸೌರ ನೀತಿಯನ್ನು ತಂದಿತು. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ 'ಸೂರ್ಯ ರೈತ' ಯೋಜನೆಯಡಿ ರೈತರ ಪಂಪ್‌ಸೆಟ್ಟುಗಳಿಗೆ ಪ್ಯಾನೆಲ್ ಹಾಕಿ ಗ್ರಿಡ್ಡಿಗೆ ಜೋಡಿಸಿದರು. ನೀರೆತ್ತಿ ಮಿಕ್ಕ ಕರೆಂಟನ್ನು ರೈತ ಮಾರಬಹುದು. ಇದರೊಳಗೆ ಒಂದು ಚೆಂದದ ವಿಚಾರವಿತ್ತು. ಉಳಿಸಿದ ಕರೆಂಟಿಗೆ ಬೆಲೆ ಸಿಗುತ್ತದೆಂದರೆ ರೈತ ಮೋಟರನ್ನು ಸುಮ್ಮನೆ ಓಡಿಸುವುದಿಲ್ಲ, ಬೋರಿನ ನೀರೂ ಉಳಿಯುತ್ತದೆ.

ಆದರೆ ದರ ಚೆನ್ನಾಗಿದ್ದಲ್ಲಿ ಲೆಕ್ಕಾಚಾರವೂ ಬರುತ್ತದೆ. ಕೆಳಗೆ ಬಳಕೆ ನಾಲ್ಕು ದೀಪದಷ್ಟು, ಮೇಲೆ ನೂರಾರು ಕಿಲೋವ್ಯಾಟಿನ ಪ್ಯಾನೆಲ್ಲು: ಇಂಥ ದೊಡ್ಡ ಶೆಡ್ಡುಗಳ ಅರ್ಜಿಗಳೂ ಬಂದವು. ಅದು ಕಡದ ಜೋಳವಾಗಿ ಉಳಿಯದೆ ದಲಾಲಿ ಅಂಗಡಿಯಾಯಿತು. ಅತ್ತ ಪ್ಯಾನೆಲ್ ಬೆಲೆಯೂ ಇಳಿಯುತ್ತಿತ್ತು. 2016ರ ಮೇ ತಿಂಗಳಲ್ಲಿ ಆಯೋಗ ದರವನ್ನು ಪರಿಷ್ಕರಿಸಿತು. 10 ಕಿಲೋವ್ಯಾಟಿನವರೆಗಿನ ಸಣ್ಣ ಚಾವಣಿಗೆ 7 ರೂಪಾಯಿ 8 ಪೈಸೆ, ದೊಡ್ಡದಾದಷ್ಟೂ ಕಡಿಮೆ. ಹಳೆಯ ದರಕ್ಕೆ ಒಪ್ಪಂದ ಮಾಡಿಕೊಂಡು ಗಡುವಿನೊಳಗೆ ಕೆಲಸ ಮುಗಿಸದವರ ತಕರಾರುಗಳು ಆಯೋಗದ ಮುಂದೆ ಸಾಲುಗಟ್ಟಿದವು. ಅಲ್ಲಿಂದ ದರ ಇಳಿಯುತ್ತಲೇ ಬಂದಿದೆ. ಇಂದು ಸಬ್ಸಿಡಿ ಪಡೆದ ಮನೆಗೆ ಹೆಚ್ಚುವರಿ ಯೂನಿಟ್ಟಿಗೆ ಸಿಗುವುದು ಅಂದಿನ 7 ರೂಪಾಯಿ 20 ಪೈಸೆಯ ಅರ್ಧವೂ ಅಲ್ಲ.

ದರ ಇಳಿದದ್ದು ತಪ್ಪಲ್ಲ, ಪ್ಯಾನೆಲ್ಲೂ ಇಳಿದಿದೆಯಲ್ಲ. ತೊಂದರೆ ಇರುವುದು ನಿಯಮ ಮೇಲಿಂದ ಮೇಲೆ ಅಲುಗಾಡುವುದರಲ್ಲಿ. 2020ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ಹಕ್ಕುಗಳ ನಿಯಮ ಬಂದಾಗ ನೆಟ್ ಮೀಟರಿಂಗ್ 10 ಕಿಲೋವ್ಯಾಟಿಗೇ ಸೀಮಿತ ಎಂದಿತು. ಕೂಗೆದ್ದ ಮೇಲೆ 2021ರ ಜೂನಿನಲ್ಲಿ ಅದನ್ನು 500 ಕಿಲೋವ್ಯಾಟಿಗೆ ಏರಿಸಿದರು. 2022ರೊಳಗೆ ದೇಶದ ಚಾವಣಿಗಳ ಮೇಲೆ 40 ಗಿಗಾವ್ಯಾಟ್ ಎಂಬ ಗುರಿ ಇತ್ತು. ಅದರ ಕಾಲುಭಾಗವನ್ನೂ ಮುಟ್ಟಲಾಗಲಿಲ್ಲ. ಪ್ಯಾನೆಲ್ 25 ವರ್ಷದ ಸಂಸಾರ. ಬರುವ ವರ್ಷ ನಿಯಮ ಏನಾಗುತ್ತದೋ ಎಂದು ಗೊತ್ತಿಲ್ಲದವನು ಸಾಲ ತೆಗೆದು ಚಾವಣಿ ಹತ್ತುವುದಿಲ್ಲ.

ಉಚಿತದ ನೆರಳಿನಲ್ಲಿ

2024ರ ಫೆಬ್ರುವರಿಯಲ್ಲಿ ಕೇಂದ್ರ 'ಪಿಎಂ ಸೂರ್ಯಘರ್' ಯೋಜನೆಯನ್ನು ತಂದಿತು. ಒಂದು ಕೋಟಿ ಮನೆಗಳ ಗುರಿ, 75,021 ಕೋಟಿ ರೂಪಾಯಿಯ ಯೋಜನೆ. ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ. ಅದೇ ತಿಂಗಳು ನಿಯಮವನ್ನೂ ಸಡಿಲಿಸಿದರು. 10 ಕಿಲೋವ್ಯಾಟಿನವರೆಗೆ ತಾಂತ್ರಿಕ ಪರಿಶೀಲನೆಯ ಕಾಯುವಿಕೆ ಬೇಡ. 5 ಕಿಲೋವ್ಯಾಟಿನವರೆಗೆ ಲೈನ್ ಬಲಪಡಿಸುವ ಖರ್ಚು ವಿತರಣಾ ಕಂಪನಿಯದು.

ನಾನು ಹಾಕಿಸಿದ್ದು ಈ ಯೋಜನೆಯಲ್ಲೇ. ನನ್ನ ಮನೆಯ ಲೆಕ್ಕ ಬಿಡಿಸಿ ಹೇಳುತ್ತೇನೆ. ಇಬ್ಬರು ಮಕ್ಕಳ ಸಂಸಾರ ಕೂಡಿಯೇ ಇದೆ, ತಿಂಗಳಿಗೆ 260 ಯೂನಿಟ್ ಬೇಕು. ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಕೊಡುವ ರಾಜ್ಯದ ಗೃಹಜ್ಯೋತಿಯ ಗೆರೆ ದಾಟಿದ್ದರಿಂದ ಪೂರ್ತಿ ಬಿಲ್ಲು ನಮ್ಮದೇ. ಯೂನಿಟ್ಟಿಗೆ 2025-26ರ ದರ 5 ರೂಪಾಯಿ 80 ಪೈಸೆ, ಅಂದರೆ ತೆರಿಗೆ, ಸರ್ಚಾರ್ಜು ಬಿಟ್ಟು 1,508 ರೂಪಾಯಿ. ಈಗ ಅದು ಉಳಿಯುತ್ತದೆ. ಮಿಕ್ಕ 90 ಯೂನಿಟ್ ಮಾರಾಟದಿಂದ ಚೂರುಪಾರು. ಸಬ್ಸಿಡಿ ಕಳೆದು ನನ್ನ ಕೈಯಿಂದ ಹೋದದ್ದು 1 ಲಕ್ಷ 20 ಸಾವಿರ. ಆರು ವರ್ಷದಲ್ಲಿ ಅಸಲು ಬರುತ್ತದೆ. ಕಿಲೋವ್ಯಾಟಿಗೆ ಆ ವರ್ಷ 145 ರೂಪಾಯಿಯಿದ್ದ ನಿಗದಿತ ಶುಲ್ಕ ಮಾತ್ರ ಸೋಲಾರ್ ಇದ್ದರೂ ತಪ್ಪುವುದಿಲ್ಲ. ಬಿಲ್ಲು ಸೊನ್ನೆಯಾಗುತ್ತದೆ ಎಂದು ಯಾರಾದರೂ ಹೇಳಿದರೆ ಈ ಸಾಲನ್ನು ತೋರಿಸಿ.

ಇದೇ ಲೆಕ್ಕವನ್ನು ನಮ್ಮ ಓಣಿಯ ಉಳಿದ ಮನೆಗಳಿಗೆ ಹಾಕಿ ನೋಡಿ. 2023ರ ಆಗಸ್ಟಿನಿಂದ ಗೃಹಜ್ಯೋತಿ ಬಂದಿದೆ. ಬಹಳ ಮನೆಗಳ ಬಳಕೆ 200ರ ಒಳಗೇ, ಅವರ ಬಿಲ್ಲು ಸೊನ್ನೆ. ಸೊನ್ನೆಯಲ್ಲಿ ಉಳಿಸುವುದೇನು? ಲಕ್ಷ ರೂಪಾಯಿ ಸುರಿದು ಅವರು ಯಾಕೆ ಪ್ಯಾನೆಲ್ ಹಾಕಿಸಬೇಕು? ಹೊಲದ ಕಡೆ ಹೋದರೆ 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ. ಇಳಕಲ್ಲು, ಗುಳೇದಗುಡ್ಡದ ಸಣ್ಣ ವಿದ್ಯುತ್ ಮಗ್ಗಗಳಿಗೂ ಸರ್ಕಾರದ ಆಸರೆಯಿದೆ. ಈ ಆಸರೆ ಬೇಕು, ಅದಿಲ್ಲದೆ ಎಷ್ಟೋ ಮನೆಯ ಒಲೆ ಉರಿಯುವುದಿಲ್ಲ. ನೆರಳಿನಲ್ಲಿ ಬೀಜ ಬಿತ್ತಿದರೆ ಬೆಳೆ ಏಳುವುದಿಲ್ಲ ಎಂಬಷ್ಟೇ ಸಂಗತಿ. ನೆಟ್ ಮೀಟರಿಂಗ್ ಎಂಬ ಬೀಜಕ್ಕೆ ಬಿಲ್ಲೇ ಬಿಸಿಲು.

ಹಾಗಾದರೆ ಸೋಲಾರ್ ಯಾರಿಗೆ ಗಿಟ್ಟುತ್ತದೆ? ಬಾದಾಮಿಯ ಲಾಡ್ಜಿಗೆ, ಖಾನಾವಳಿಗೆ, ಆಸ್ಪತ್ರೆಗೆ, ಎ.ಸಿ. ಇರುವ ದೊಡ್ಡ ಮನೆಗೆ. 2025-26ರ ದರದಲ್ಲಿ ವಾಣಿಜ್ಯ ಮೀಟರಿನವರಿಗೆ ಯೂನಿಟ್ಟಿಗೆ 7 ರೂಪಾಯಿ. ಬಳಕೆ ಹಗಲಿನಲ್ಲೇ ಹೆಚ್ಚು, ಚಾವಣಿಯೂ ದೊಡ್ಡದು. ಆದರೆ ಇವರೇ ವಿತರಣಾ ಕಂಪನಿಗೆ ತುಂಬಿದ ಕೈಯಿಂದ ಬಿಲ್ಲು ಕಟ್ಟುವವರು. ಅವರ ಯೂನಿಟ್ ಕಡಿಮೆಯಾದಷ್ಟೂ ಕಂಪನಿಯ ಗಲ್ಲೆ ಬಡವಾಗುತ್ತದೆ. ಚಾವಣಿಯ ಸೋಲಾರಿಗೆ ಎಲ್ಲೆಡೆ ವಿತರಣಾ ಕಂಪನಿಗಳು ಮನಸಾರೆ ಕೈ ನೀಡದಿರುವುದಕ್ಕೆ ಇದು ಮೂಲ ಕಾರಣ. ದಾರಿಯಲ್ಲಿ ಸಿಗುವ ಲೈನ್‌ಮನ್ನನ್ನೋ ಎಂಜಿನಿಯರನ್ನೋ ಬೈದರೆ ಇದು ಬಗೆಹರಿಯುವುದಿಲ್ಲ.

ತಂತಿಯ ಖರ್ಚು ಯಾರದು?

ರಾತ್ರಿ ಎಂಟಕ್ಕೆ ನಾನು ದೀಪ ಹಾಕಿದಾಗ ಬರುವ ಕರೆಂಟು ನಾನು ಮಧ್ಯಾಹ್ನ ಕೊಟ್ಟದ್ದಲ್ಲ. ಅದು ಆ ಕ್ಷಣದಲ್ಲೇ ಖರ್ಚಾಗಿ ಹೋಯಿತು. ಈಗ ಬಂದದ್ದು ರಾಯಚೂರಿನ ಕಲ್ಲಿದ್ದಲಿನದೋ, ಶರಾವತಿಯ ನೀರಿನದೋ, ನಮ್ಮ ಜಿಲ್ಲೆಯ ಅಂಚಿನ ಆಲಮಟ್ಟಿಯದೋ ಇರುತ್ತದೆ. ಅದನ್ನು ತಂದುಕೊಡುವುದು ಟವರು, ಸಬ್‌ಸ್ಟೇಷನ್, 11 ಕೆ.ವಿ. ಫೀಡರು, ಟಿ.ಸಿ., ಕಂಬ ಮತ್ತು ಕೈಯಲ್ಲಿ ಕಟಿಂಗ್ ಪ್ಲೇಯರ್ ಹಿಡಿದ ಒಬ್ಬ ಮನುಷ್ಯ. 2009ರಲ್ಲಿ, ಮತ್ತೆ 2019ರಲ್ಲಿ ಮಲಪ್ರಭೆ ಉಕ್ಕಿ ನಮ್ಮ ತಾಲ್ಲೂಕಿನ ಹಳ್ಳಿಗಳಿಗೆ ನುಗ್ಗಿದಾಗ ಕೆಸರಿನಲ್ಲಿ ನಿಂತು ಕಂಬ ನೆಟ್ಟೆವು. ಅದಕ್ಕೆಲ್ಲ ದುಡ್ಡು ಬೇಕು. ಆ ಖರ್ಚಿನ ದೊಡ್ಡ ಪಾಲು ಯೂನಿಟ್ ದರದೊಳಗೇ ಅಡಗಿದೆ. ನಾನು ಯೂನಿಟ್ಟಿಗೆ ಯೂನಿಟ್ ಕಳೆದು ಲೆಕ್ಕ ಚುಕ್ತಾ ಮಾಡಿದರೆ ತಂತಿಯ ಪಾಲನ್ನೂ ಕಳೆದುಕೊಂಡಂತೆ. ಅದು ಬಿಲ್ಲು ಕಟ್ಟುವ ಇನ್ನೊಬ್ಬರ ತಲೆಯ ಮೇಲೆ ಬೀಳುತ್ತದೆ.

ಇನ್ನೊಂದು ಕಡೆಯೂ ಇದೆ. ನನ್ನ ಚಾವಣಿಯ ಯೂನಿಟ್ ನೂರಾರು ಮೈಲಿ ತಂತಿಯಲ್ಲಿ ಸೋರಿಹೋಗದೆ ಪಕ್ಕದ ಮನೆಯಲ್ಲೇ ಬಳಕೆಯಾಗುತ್ತದೆ. ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕಿಗೆ 13,000 ಎಕರೆ ನೆಲ ಬೇಕಾಯಿತು. ಚಾವಣಿಗೆ ಒಂದು ಗುಂಟೆಯೂ ಬೇಡ. ಈ ಲಾಭವನ್ನೂ ತಕ್ಕಡಿಗೆ ಹಾಕಬೇಕು. ಒಂದು ತಟ್ಟೆಯನ್ನಷ್ಟೇ ನೋಡುವವರು ನೆಟ್ ಮೀಟರಿಂಗನ್ನು ಹೊಗಳುತ್ತಾರೆ, ಇಲ್ಲವೇ ತೆಗಳುತ್ತಾರೆ.

ತಂತಿಗೂ ತನ್ನದೇ ಮಿತಿಯಿದೆ. ಕಾಲುವೆಯ ನೀರಿನಂತೆ ಕರೆಂಟಿನ ವೋಲ್ಟೇಜು ಟಿ.ಸಿ. ಹತ್ತಿರ ಹೆಚ್ಚು, ಲೈನಿನ ಬಾಲದಲ್ಲಿ ಕಡಿಮೆ. ಇಡೀ ಬದುಕು ನಾವು ಬಾಲದ ಮನೆಯವರ ಮಂದ ದೀಪದ ದೂರು ಕೇಳಿದವರು. ಬಾಲದ ಮನೆಗಳೆಲ್ಲ ಪ್ಯಾನೆಲ್ ಹಾಕಿದರೆ ಮಧ್ಯಾಹ್ನ ಇದು ತಿರುಗುಮುರುಗು. ಅಲ್ಲಿ ವೋಲ್ಟೇಜು ಏರಿ, ಇನ್ವರ್ಟರುಗಳು ಹೆಚ್ಚಾಯಿತೆಂದು ತಾವೇ ನಿಲ್ಲುತ್ತವೆ. ನಿರಂತರ ಜ್ಯೋತಿ ಬಂದಮೇಲೆ ನಮ್ಮ ಹಳ್ಳಿಗಳಲ್ಲಿ ಮನೆಗಳ ಫೀಡರ್ ಬೇರೆ, ಪಂಪ್‌ಸೆಟ್ಟಿನ ಫೀಡರ್ ಬೇರೆ. ಹಾಗಾಗಿ ಊರೊಳಗಿನ ಟಿ.ಸಿ. ಮೇಲೆ ಮಧ್ಯಾಹ್ನ ಬಳಕೆ ಬಲು ಕಡಿಮೆ. ಒಂದು 100 ಕೆವಿಎ ಟಿ.ಸಿ.ಗೆ ಸೇರಿದ 60 ಮನೆಗಳು ತಲಾ 3 ಕಿಲೋವ್ಯಾಟ್ ಹಾಕಿದರೆ 180 ಕಿಲೋವ್ಯಾಟ್. ಟಿ.ಸಿ. ತಡೆಯುವುದಿಲ್ಲ. ಒಂದು ಟಿ.ಸಿ.ಗೆ ಎಷ್ಟು ಚಾವಣಿ ಎಂಬುದನ್ನು ಮೊದಲೇ ಲೆಕ್ಕ ಹಾಕಿ, ಊರವರಿಗೆ ತಿಳಿಯುವಂತೆ ಬೋರ್ಡ್ ಹಾಕಬೇಕು. ಮೊದಲು ಬಂದವರಿಗೆ ಮಣೆ, ಆಮೇಲೆ ಬಂದವರಿಗೆ ಬಾಗಿಲು ಎಂದಾಗಬಾರದು.

ಸುಗ್ಗಿಯ ಜೋಳ, ಆಷಾಢದ ಜೋಳ

ದೊಡ್ಡವ್ವನ ಕಡದ ಲೆಕ್ಕ ಒಂದೆರಡು ಮನೆಗಳ ನಡುವೆ ಸಾಗುತ್ತದೆ. ಊರಿಗೆ ಊರೇ ಸುಗ್ಗಿಯಲ್ಲಿ ಜೋಳ ಕೊಟ್ಟು ಆಷಾಢದಲ್ಲಿ ಇಸಿದುಕೊಳ್ಳಲು ನಿಂತರೆ ನಡುವೆ ಇರುವವನು ಏನು ಮಾಡಬೇಕು? ಕರೆಂಟಿಗೆ ಮಧ್ಯಾಹ್ನವೇ ಸುಗ್ಗಿ. ಪಾವಗಡದಿಂದ ಹಿಡಿದು ನನ್ನ ಚಾವಣಿಯವರೆಗೆ ಎಲ್ಲೆಡೆ ಒಮ್ಮೆಲೇ ರಾಶಿ. ಸಂಜೆ ಆರೂವರೆಗೆ ಸೂರ್ಯ ಗುಡ್ಡದ ಹಿಂದೆ ಸರಿದ ಕೂಡಲೇ ಆಷಾಢ. ಆಗಲೇ ಮನೆಮನೆಯ ದೀಪ, ಟಿ.ವಿ., ಮಿಕ್ಸರ್. ಆ ಹೊತ್ತಿನ ಯೂನಿಟ್ಟಿಗೆ ಮಧ್ಯಾಹ್ನದ್ದಕ್ಕಿಂತ ಬೆಲೆ ಹೆಚ್ಚು.

ಅಮೆರಿಕದ ಕ್ಯಾಲಿಫೋರ್ನಿಯಾ ಈ ಹಂತವನ್ನು ನಮಗಿಂತ ಮೊದಲೇ ಮುಟ್ಟಿತು. ಅಲ್ಲಿ 2023ರ ಏಪ್ರಿಲಿನಿಂದ ಹೊಸ ಚಾವಣಿಗಳಿಗೆ ಯೂನಿಟ್ಟಿಗೆ ಯೂನಿಟ್ ಲೆಕ್ಕ ನಿಲ್ಲಿಸಿ, ಹೊರಹೋಗುವ ಕರೆಂಟಿನ ಬೆಲೆಯನ್ನು ಮುಕ್ಕಾಲು ಪಾಲು ಇಳಿಸಿದರು. ಹೊಸ ಅರ್ಜಿಗಳು ಕುಸಿದವು, ಎಷ್ಟೋ ಜನರ ಕೆಲಸ ಹೋಯಿತು. ಜೊತೆಗೇ, ಹೊಸದಾಗಿ ಹಾಕಿಸುವವರಲ್ಲಿ ಬಹಳಷ್ಟು ಮಂದಿ ಬ್ಯಾಟರಿಯನ್ನೂ ಹಾಕಿಸತೊಡಗಿದರು. ದರ ಬದಲಿಸುವುದು ಅನಿವಾರ್ಯವೇ ಇರಬಹುದು. ಆದರೆ ಒಮ್ಮೆಗೇ ಕೊಡಲಿ ಹಾಕಿದರೆ ಗಿಡವೇ ಬೀಳುತ್ತದೆ ಎಂಬುದನ್ನು ಅವರಿಂದ ಕಲಿಯಬಹುದು.

ನಮ್ಮ ಹಿರಿಯರು ಸುಗ್ಗಿಯ ಜೋಳವನ್ನು ನೆಲದೊಳಗಿನ ಹಗೇವಿಗೆ ಹಾಕಿ ಮುಚ್ಚುತ್ತಿದ್ದರು. ಬರ ಬಂದಾಗ ತೆಗೆಯುತ್ತಿದ್ದರು. ಕರೆಂಟಿಗೂ ಹಗೇವು ಬೇಕು. ಮನೆಯ ಬ್ಯಾಟರಿ ಸಣ್ಣ ಹಗೇವು. ದೊಡ್ಡ ಹಗೇವಿನ ಯೋಜನೆಯೊಂದು ನಮ್ಮ ಹೊಳೆಯ ಮೇಲೆಯೇ ರೂಪುಗೊಂಡಿದೆ. ಸವದತ್ತಿಯ ಹತ್ತಿರ ಮಲಪ್ರಭೆಯ ನವಿಲುತೀರ್ಥ ಜಲಾಶಯದ ನೀರನ್ನು ಕರೆಂಟ್ ಅಗ್ಗವಿರುವ ಹೊತ್ತಿನಲ್ಲಿ ಗುಡ್ಡದ ಮೇಲಿನ ಕೆರೆಗೆ ಎತ್ತಿ, ಬೇಡಿಕೆಯ ಹೊತ್ತಿನಲ್ಲಿ ಕೆಳಗೆ ಬಿಟ್ಟು ಕರೆಂಟ್ ತೆಗೆಯುವುದು. ನಾಲ್ಕು ಯೂನಿಟ್ ಹಾಕಿದರೆ ಮೂರರಷ್ಟು ಮರಳುತ್ತದೆ. ಹಗೇವಿನಲ್ಲೂ ಒಂದಷ್ಟು ಜೋಳ ಮುಗ್ಗಾಗುತ್ತಿತ್ತು.

ಎಲ್ಲಕ್ಕಿಂತ ಅಗ್ಗದ ಹಗೇವು ನಮ್ಮ ರೂಢಿ. ಬೋರಿನ ಮೋಟರನ್ನು ನಸುಕಿನಲ್ಲಿ ಹಚ್ಚುವ ಬದಲು ಹನ್ನೆರಡಕ್ಕೆ ಹಚ್ಚಿ ಟ್ಯಾಂಕ್ ತುಂಬಿಸುವುದು, ಬಟ್ಟೆ ಒಗೆಯುವ ಮಷಿನ್, ಹಿಟ್ಟಿನ ಗಿರಣಿಯನ್ನು ಹಗಲೇ ಓಡಿಸುವುದು. ನಮ್ಮ ಸೊಸೆಯಂದಿರು ಈಗ ಹಾಗೇ ಮಾಡುತ್ತಾರೆ. ಬಿಸಿಲಿನ ಹೊತ್ತಿನಲ್ಲಿ ದರ ಕಡಿಮೆ, ಸಂಜೆ ಹೆಚ್ಚು ಎಂಬ ವ್ಯವಸ್ಥೆಯನ್ನು ಕೇಂದ್ರದ ನಿಯಮ 2023ರಲ್ಲೇ ಹೇಳಿದೆ. ಅದು ಹಳ್ಳಿಯ ಗಿರಣಿಯವರೆಗೂ ನೆಟ್ಟಗೆ ಇಳಿದರೆ ಪ್ಯಾನೆಲ್ ಇಲ್ಲದವರೂ ಬಿಸಿಲಿನ ಪಾಲುದಾರರಾಗುತ್ತಾರೆ.

ಮಣ್ಣಿನ ಮಾಳಿಗೆಯ ಮನೆಗೆ

ದೊಡ್ಡವ್ವನ ಮನೆ ಕಲ್ಲು ಗೋಡೆಯದು, ಮೇಲೆ ಮಣ್ಣಿನ ಮಾಳಿಗೆ. ಮಧ್ಯದಲ್ಲೊಂದು ಬೆಳಕಿಂಡಿ. ಆಕೆಯ ಮನೆಯೊಳಗೆ ಸೂರ್ಯ ಬರುವುದು ಆ ಕಿಂಡಿಯಿಂದ ಮಾತ್ರ. ಆ ಮಾಳಿಗೆಯ ಮೇಲೆ ಪ್ಯಾನೆಲ್ಲಿನ ಕಂಬಿ ಊರುವಂತಿಲ್ಲ. ನಮ್ಮ ಸೀಮೆಯ ಹಳೆಯ ಓಣಿಗಳಲ್ಲಿ ಇಂಥ ಮನೆಗಳು ಎಷ್ಟೋ. ತಗಡಿನ ಮನೆಗಳು, ಬಾಡಿಗೆಯವರು, ಜನತಾ ಮನೆಗಳು. 'ಚಾವಣಿ ಯೋಜನೆ' ಎಂದ ಕೂಡಲೇ ಇವರೆಲ್ಲ ಹೊರಗುಳಿಯುತ್ತಾರೆ.

ಇವರನ್ನು ಒಳಗೆ ತರುವ ದಾರಿ ಇಲ್ಲದಿಲ್ಲ. ದೆಹಲಿಯಲ್ಲಿ 2019ರಿಂದಲೇ, ಒಂದೆಡೆ ಹಾಕಿದ ಪ್ಯಾನೆಲ್ಲಿನ ಯೂನಿಟ್ಟನ್ನು ಹಲವರ ಬಿಲ್ಲಿನಲ್ಲಿ ಹಂಚಿ ಕಳೆಯಲು ನಿಯಮವಿದೆ. ಊರ ಶಾಲೆಯ ಚಾವಣಿ, ಪಂಚಾಯ್ತಿ ಕಟ್ಟಡ, ಗೋಮಾಳದ ಅಂಚು, ಎಲ್ಲಾದರೂ ಪ್ಯಾನೆಲ್ ಇರಲಿ, ಲೆಕ್ಕ ದೊಡ್ಡವ್ವನ ಮೀಟರಿಗೆ ಬರಲಿ. ಸೂರ್ಯಘರ್ ಯೋಜನೆಯಲ್ಲೂ ವಿತರಣಾ ಕಂಪನಿಯೇ ಮನೆಗಳ ಪರವಾಗಿ ಪ್ಯಾನೆಲ್ ಹಾಕಿಸಲು ಅವಕಾಶವಿದೆ. ಗೃಹಜ್ಯೋತಿಯ ಪ್ರತಿ ಯೂನಿಟ್ಟಿಗೂ ಸರ್ಕಾರ ಕಂಪನಿಗೆ ದುಡ್ಡು ಕಟ್ಟಿಕೊಡುತ್ತಿದೆ, ವರ್ಷವರ್ಷವೂ ಕಟ್ಟಬೇಕು. ಆ ದುಡ್ಡಿನ ಒಂದು ಭಾಗ ಒಮ್ಮೆ ಪ್ಯಾನೆಲ್ ಆಗಿ ನಿಂತರೆ 25 ವರ್ಷ ಕಾಯುತ್ತದೆ. ಬಡವರ ಉಚಿತ ಕರೆಂಟನ್ನು ಕಿತ್ತುಕೊಳ್ಳುವ ಮಾತಲ್ಲ ಇದು. ಅದೇ ಉಚಿತವನ್ನು ಬಿಸಿಲಿನಿಂದ ಕೊಡುವ ಮಾತು.

ಕಂಬ ಹತ್ತಿದವನಾಗಿ ನಾನು ಕೇಳುವುದು ಮೂರು. ಒಮ್ಮೆ ಕೊಟ್ಟ ಮಾತನ್ನು ಹಾಕಿಸಿದವನಿಗೆ ಒಪ್ಪಂದದ ಪೂರ್ತಿ ಅವಧಿಗೆ ಉಳಿಸಿಕೊಡಿ, ದರ ಬದಲಿಸುವುದಿದ್ದರೆ ಹೊಸಬರಿಗೆ, ಮೆಲ್ಲಗೆ ಬದಲಿಸಿ. ತಂತಿಯ ಖರ್ಚಿನ ನ್ಯಾಯವಾದ ಪಾಲನ್ನು ನನ್ನಿಂದ ತೆಗೆದುಕೊಳ್ಳಿ, ಕೊಡಲು ನನಗೆ ಬೇಸರವಿಲ್ಲ. ಮತ್ತು ಚಾವಣಿ ಇಲ್ಲದವರನ್ನು ಮರೆಯಬೇಡಿ.

ಈಚಿನ ಒಂದು ಏಪ್ರಿಲ್ ಮಧ್ಯಾಹ್ನ ದೊಡ್ಡವ್ವ ಮತ್ತೆ ಕಟ್ಟೆಯ ಮೇಲೆ ಬುಟ್ಟಿ ಇಳಿಸಿ ಕೂತಿದ್ದಳು. ಮೇಲೆ ನೋಡಿ ಕೇಳಿದಳು: "ನಿನ್ನ ಬಿಸಿಲು ನನ್ನ ಮನೀಗೂ ಬರತೈತೇನು ತಮ್ಮಾ?"

ಬಿಲ್ಲನ್ನು ಕೇಳಿದರೆ ಇಲ್ಲ ಎನ್ನುತ್ತದೆ. ಆದರೆ ಕರೆಂಟು ಬಿಲ್ಲನ್ನು ಓದುವುದಿಲ್ಲ, ಹತ್ತಿರದಲ್ಲಿ ಬೇಕಾದಲ್ಲಿಗೆ ಹೋಗುತ್ತದೆ. ನಮ್ಮಿಬ್ಬರ ಮನೆಯ ಸರ್ವಿಸ್ ವೈರುಗಳೂ ಒಂದೇ ಕಂಬದ ಒಂದೇ ಫೇಸಿನಿಂದ ಇಳಿದಿವೆ. ಎಷ್ಟೋ ವರ್ಷದ ಹಿಂದೆ ಅವನ್ನು ಕಟ್ಟಿದವನು ನಾನೇ. ಈ ಹೊತ್ತಿನಲ್ಲಿ ನಮ್ಮ ಚಾವಣಿಯಿಂದ ಹೊರಟದ್ದು ಕಂಬ ಮುಟ್ಟಿ ಮೊದಲು ಇಳಿಯುವುದು ಆಕೆಯ ಮನೆಗೆ.

"ಬರತೈತಿ ದೊಡ್ಡವ್ವ. ಮಧ್ಯಾಹ್ನ ನಿನ್ನ ಫ್ಯಾನ್ ತಿರುಗೂದು ನಮ್ಮ ಮಾಳಗಿ ಬಿಸಿಲಿನಾಗ."

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಬುಟ್ಟಿಯ ಅರಿವೆ ಬಿಚ್ಚಿ, ಉಳಿದಿದ್ದ ಎರಡು ರೊಟ್ಟಿ, ಒಂದಿಷ್ಟು ಚಟ್ನಿ ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ಕಡ ಇಟ್ಕೋಬಾರದಪಾ" ಎಂದು ಎದ್ದು ಹೋದಳು.